ಕ್ಲಾರಿಯೊನೆಟ್ ಮೇಲೆ ಒಂದು ಕೆಜಿ

೧೯೮೩ರಲ್ಲಿ ನಾನು ಓದು ನಿಲ್ಲಿಸಿದೆ, ಏಳನೇ ಕ್ಲಾಸಿಗೆ. ಓದೇ ನನ್ನನ್ನು ಬಿಟ್ಟಿತು ಎನ್ನುವವರೂ ಕಡೂರಿನಲ್ಲಿದ್ದಾರೆ. ಅವರೆಲ್ಲ ಈಗ ಕೊಬ್ಬರಿ ಮಾರಲು ನನ್ನ ಮಂಡಿಗೇ ಬರುವುದರಿಂದ ಜಗಳವಿಲ್ಲ. ಅಲ್ಲಿಂದ ಮುಂದೆ ನನಗೆ ಪಾಠ ಹೇಳಿದ್ದು ತಕ್ಕಡಿ. ಮೂಟೆಯನ್ನು ಬೆನ್ನಿಗೆ ಏರಿಸಿಕೊಂಡರೆ ಸಾಕು, ಎಷ್ಟು ತೂಗುತ್ತದೆಂದು ಹೇಳಬಲ್ಲೆ. ಈ ಜಂಬವೇ ಮೊನ್ನೆ ನನ್ನನ್ನು ಒಂದು ಗ್ರಾಮಫೋನ್ ರೆಕಾರ್ಡಿನ ಮುಂದೆ ಬೆಪ್ಪನಂತೆ ಕೂರಿಸಿತು.

ರೆಕಾರ್ಡು ನನ್ನ ಹೆಂಡತಿ ಗಿರಿಜಳದು. ಅವಳ ಅಪ್ಪ ಅಜ್ಜಂಪುರದವರು, ಮದುವೆಗಳಲ್ಲಿ ಕ್ಲಾರಿಯೊನೆಟ್ ಊದುತ್ತಿದ್ದರು. ಒಮ್ಮೆ ಯಾರೋ ಕರೆದುಕೊಂಡು ಹೋಗಿ ರೆಕಾರ್ಡಿಗೂ ಊದಿಸಿದರಂತೆ. ಹಾಡಿನ ಮೊದಲಿಗೆ ಒಂದಿಷ್ಟು. ಹಾಡುವವರು ಬಾಯಿ ತೆರೆದರೆ ಇವರ ಕೆಲಸ ಮುಗಿಯಿತು. ಗಿರಿಜ ಅಂಬೆಗಾಲಿಡುತ್ತಿದ್ದಾಗಲೇ ಅವರು ತೀರಿಕೊಂಡರು. ನಮ್ಮ ಮದುವೆಯಲ್ಲಿ ಧಾರೆ ಎರೆದದ್ದು ಅವಳ ಸೋದರಮಾವ. ಮಾವನೆಂದು ಕರೆಯಲು ನನಗೆ ಒಂದು ಫೋಟೋ ಕೂಡ ಸಿಗಲಿಲ್ಲ.

ಆ ಸೋದರಮಾವನ ಮನೆಯಲ್ಲೇ, ಒಲೆಯ ಮೇಲಿನ ಅಟ್ಟದಲ್ಲಿ, ರೆಕಾರ್ಡು ಸಿಕ್ಕಿತು. ಕಾವಿಗೆ ಅಂಚು ಹಪ್ಪಳದ ಹಾಗೆ ಮೇಲೆದ್ದಿತ್ತು. ತರೀಕೆರೆಯಲ್ಲಿ ಮೈಕ್ ಸೆಟ್ ಬಾಡಿಗೆಗೆ ಕೊಡುತ್ತಿದ್ದ ರುದ್ರಣ್ಣನಿಂದ ಹಳೆಯ ಪ್ಲೇಯರ್ ತಂದೆ. ಮುಳ್ಳು ಇಟ್ಟರೆ ಅದು ಗುಂಡಿಗೆ ಬಿದ್ದ ಲೂನಾದಂತೆ ಎಗರಿ, ನೇರ ಹಾಡುವವರ ಬಾಯಿಗೇ ಹೋಗಿ ಬೀಳುತ್ತಿತ್ತು. ರೆಕಾರ್ಡು ಶುರುವಾಗುವುದು ಅಂಚಿನಿಂದ. ಮಾವ ಇದ್ದದ್ದೂ ಅಂಚಿನಲ್ಲೇ.

“ಅಣ್ಣಾ, ಅಂಚು ಕೂರ್ಸೋಕೆ ರೆಕಾರ್ಡಿನ ನಡುವೆ ತೂಕ ಇಡೋದು ಒಂದಿದೆ, ಬಿಗಿಯಾಗಿ ಹಿಡ್ಕೊಳ್ಳೋ ಕ್ಲಾಂಪ್ ಅಂತ ಒಂದಿದೆ. ಯಾವ್ದು ತರಿಸ್ಲಿ?” ಎಂದು ರುದ್ರಣ್ಣ ಫೋನಿನಲ್ಲಿ ಕೇಳಿದ.

ತೂಕದ ವಿಷಯವನ್ನು ನನಗೆ ಹೇಳಿಕೊಡುವುದೇ! ಮಂಡಿಯಲ್ಲಿದ್ದ ಒಂದು ಕೆಜಿ ಹಿತ್ತಾಳೆ ಬಟ್ಟನ್ನು ಲೇತ್ ಅಂಗಡಿಗೆ ಒಯ್ದು, ನಡುವೆ ತೂತು ಕೊರೆಯಲು ಹೇಳಿದೆ. ಲೇತಿನವನು ಆಚೀಚೆ ನೋಡಿ ದನಿ ತಗ್ಗಿಸಿದ. “ಏನ್ ಸಾವ್ಕಾರ್ರೇ, ಬಟ್ಟು ಕೊರಿಸ್ತಿದ್ದೀರಾ? ಇಷ್ಟು ವರ್ಷ ನ್ಯಾಯವಾಗಿ ತೂಗಿ, ಈಗ್ಯಾಕೆ?”

“ಹಾಡು ತೂಗಕ್ಕೆ ಕಣಯ್ಯಾ” ಎಂದೆ. ಅವನು ನಂಬಲಿಲ್ಲ.

ಬಟ್ಟು ಕೂರಿಸಿದ್ದೇ ತಡ, ಪ್ಲೇಯರ್ ಏದುಸಿರು ಬಿಟ್ಟಿತು. ಹಾಡು ಕೆಸರಿನಲ್ಲಿ ನಡೆವ ಎಮ್ಮೆಯಾಯಿತು. ಅಂಚು ಮಾತ್ರ ಇದ್ದಲ್ಲೇ ಇತ್ತು.

“ನಮ್ಮಪ್ಪ ಏನು ಕೊಬ್ಬರಿ ಮೂಟೇನಾ, ಹೇರ್ತಾ ಇದ್ದೀರಲ್ಲ?” ಎಂದಳು ಗಿರಿಜ. ನಗುತ್ತಲೇ ಅಂದಳು, ಆದರೆ ಒಳಗೆ ಎದ್ದುಹೋದಳು. ಅವತ್ತು ಮತ್ತೆ ಬರಲಿಲ್ಲ.

ಕ್ಲಾಂಪ್ ತರಿಸಿದೆ. ಅಂಗೈ ಮೇಲೆ ಇಟ್ಟುಕೊಂಡೆ, ಎರಡು ಅಡಿಕೆಯಷ್ಟೂ ಭಾರವಿಲ್ಲ, ಮೋಸಹೋದೆ ಅನ್ನಿಸಿತು. ಜೊತೆಗೆ ಒಂದು ಪುಟ್ಟ ವಾಷರ್ ಬಂದಿತ್ತು. ಹೆಚ್ಚುವರಿ ಇರಬೇಕೆಂದು ಪಕ್ಕಕ್ಕಿಟ್ಟೆ. ಕ್ಲಾಂಪ್ ಬಿಗಿದೆ, ಮುಳ್ಳು ಮತ್ತೆ ಎಗರಿತು.

ಆ ಸದ್ದಿಗೆ ಗಿರಿಜ ಬಂದು ವಾಷರನ್ನು ಕೈಗೆತ್ತಿಕೊಂಡಳು. “ಸುಮ್ಸುಮ್ನೆ ಯಾರು ಕಳಿಸ್ತಾರ್ರೀ ಇದನ್ನ? ಇದನ್ನ ರೆಕಾರ್ಡಿನ ಕೆಳಗೆ ಹಾಕಿ. ನಡು ಎತ್ತರ ಆಗುತ್ತೆ. ಆಮೇಲೆ ಸುತ್ತ ಒತ್ತಿ ಬಿಗೀರಿ, ಅಂಚು ತಾನಾಗೇ ಬಗ್ಗುತ್ತೆ.”

ಹಾಗೇ ಮಾಡಿದೆ. ಎದ್ದಿದ್ದ ಅಂಚು ನನ್ನ ಕಣ್ಣೆದುರೇ ಮೆಲ್ಲಗೆ ತಗ್ಗಿತು. ಇಷ್ಟು ವರ್ಷ ಭಾರ ಹೇರಿಯೇ ಬದುಕಿದವನು ನಾನು. ಹೀಗೆ ಹಿಡಿದುಕೊಂಡರೂ ಒಂದು ವಸ್ತು ಮಾತು ಕೇಳುತ್ತದೆಂದು ಗೊತ್ತಿರಲಿಲ್ಲ.

ಮುಳ್ಳು ಇಳಿಯಿತು. ಮೊದಲು ಚರಚರ. ಆಮೇಲೆ ಯಾರೋ ಮೂಗಿನಿಂದ ಉಸಿರೆಳೆದುಕೊಂಡರು. ಆಮೇಲೆ ಕ್ಲಾರಿಯೊನೆಟ್.

ಕೂದಲಿಗಿಂತ ಸಣ್ಣ ಗೀರಿನಲ್ಲಿ ಒಬ್ಬ ಮನುಷ್ಯನ ಉಸಿರು ಇಷ್ಟು ಕಾಲ ಕಾದು ಕುಳಿತಿತ್ತು! ಅದನ್ನು ತೂಗುವ ತಕ್ಕಡಿ ನನ್ನ ಮಂಡಿಯಲ್ಲಿಲ್ಲ.

“ಊದೋಕ್ ಮುಂಚೆ ಉಸಿರು ಎಳ್ಕೊಂಡ್ರು, ಕೇಳಿಸ್ತೇನ್ರೀ?” ಎಂದಳು ಗಿರಿಜ. ಹಾಡುವವರು ಶುರು ಮಾಡಿದಾಗ ಮುಳ್ಳೆತ್ತಿ ಮತ್ತೆ ಅಂಚಿಗಿಟ್ಟಳು. ಆ ಹಾಡಿನ ಸಾಹಿತ್ಯ ಏನೆಂದು ನಮಗಿಬ್ಬರಿಗೂ ಇವತ್ತಿಗೂ ಗೊತ್ತಿಲ್ಲ.

ಈಗ ನನ್ನ ಹತ್ತಿರ ಇರುವುದು ಇಷ್ಟು: ಮಂಡಿ ಒಂದು, ತಕ್ಕಡಿ ಎರಡು, ಯಾವ ವ್ಯಾಪಾರಕ್ಕೂ ಬಾರದ ತೂತು ಬಟ್ಟು ಒಂದು, ಪ್ಲೇಯರ್ ಒಂದು, ರೆಕಾರ್ಡ್ ಒಂದು, ಕ್ಲಾಂಪ್ ಒಂದು, ವಾಷರ್ ಒಂದು, ಮಾವ ಒಬ್ಬರು.