ಮೆಂತ್ಯ ಸೀಯುವ ಮೊದಲು

ಖಾಲಾನ ಬಲಗೈಯ ಮೇಲೆ ಮೊಣಕೈಯವರೆಗೂ ಒಂದು ಕೂದಲಿರಲಿಲ್ಲ. ಎಡಗೈ ಎಲ್ಲರ ಕೈಯಂತೆಯೇ ಇತ್ತು. ಇಪ್ಪತ್ತೈದು ವರ್ಷ ರೊಟ್ಟಿಯನ್ನು ಹಂಚಿನಿಂದ ಬೆಂಕಿಗೆ, ಬೆಂಕಿಯಿಂದ ಬುಟ್ಟಿಗೆ ಎಸೆದ ಬಲಗೈ ಅದು. ಸುಟ್ಟ ಕೂದಲು ಮತ್ತೆ ಹುಟ್ಟುವಷ್ಟು ಬಿಡುವನ್ನು ಆಕೆ ಅದಕ್ಕೆ ಕೊಟ್ಟವಳಲ್ಲ.

ಹಾವೇರಿಯ ಗುತ್ತಲ ರಸ್ತೆಯಲ್ಲಿ ನನ್ನ ವೆಲ್ಡಿಂಗ್ ಶೆಡ್ಡು, ಅದಕ್ಕಂಟಿ ಆಕೆಯ ಖಾನಾವಳಿ. ನಡುವೆ ಒಂದೇ ತಗಡಿನ ಗೋಡೆ. ಗಂಡ ತೀರಿದ ಮೇಲೆ ನಾಲ್ಕು ಬೆಂಚು ಹಾಕಿ ನಡೆಸಿ, ಒಬ್ಬಳೇ ಮಗಳನ್ನು ಬ್ಯಾಡಗಿಗೆ ಮದುವೆ ಮಾಡಿ ಕೊಟ್ಟಿದ್ದಳು. ಖಾಲಾ, ಅಂದರೆ ಚಿಕ್ಕಮ್ಮ, ಎಂದು ಕರೆದರೂ ನನಗೆ ಬಳಗವೇನಲ್ಲ. ಆರನೆಯ ಇಯತ್ತೆಗೆ ಶಾಲೆ ಬಿಟ್ಟು, ಅವರಿವರ ಕೈಕೆಳಗೆ ಬೆಸುಗೆ ಕಲಿತು, ನಾನು ಸ್ವಂತ ಶೆಡ್ಡು ಹಾಕಿದ ದಿನ ತಗಡಿನಾಚೆಯಿಂದ "ಊಟ ಮಾಡೀಯೇನೋ ತಮ್ಮಾ?" ಎಂದು ಕೇಳಿದವಳು. ಅಂದಿನಿಂದ ನನ್ನ ಮಧ್ಯಾಹ್ನದ ಊಟ ಅಲ್ಲಿಯೇ.

ಗುರುವಾರ ಅಚಾರಿ ಆಲೂ. ಕರಾಚಿಗೆ ಮದುವೆಯಾಗಿ ಹೋದ ಅಕ್ಕ ಆಕೆಗೆ ಫೋನಿನಲ್ಲಿ ಹೇಳಿಕೊಟ್ಟ ಅಡುಗೆ. ಕಾದ ಎಣ್ಣೆಗೆ ಸಾಸಿವೆ, ಜೀರಿಗೆ, ಬಡೇಸೋಪು, ಕಲೋಂಜಿ ಎಂಬ ಕರಿಜೀರಿಗೆ, ಮೆಂತ್ಯ. ಮೇಲೆ ಬೆಂದ ಆಲೂಗಡ್ಡೆ, ಅರಿಶಿನ, ಬ್ಯಾಡಗಿ ಮೆಣಸಿನ ಪುಡಿ. ಇಳಿಸಿದ ಮೇಲೆ ಧಾರಾಳ ಲಿಂಬೆ.

"ಉಪ್ಪಿನಕಾಯಿಗೆ ಹಾಕೂದನ್ನ ಆಲೂಗೆ ಹಾಕೂದು, ಅಷ್ಟ ನೋಡಪಾ. ನಮ್ಮ ಆಪಾ ಇದನ್ನ ಕಲಿಸಾಕ ಮೂರು ಸಲ ಫೋನ್ ಮಾಡಿದ್ಲು," ಎನ್ನುತ್ತಿದ್ದಳು.

ಕರ್ಜಗಿಯಿಂದ ಕೋರ್ಟಿಗೆ ಬರುತ್ತಿದ್ದ ಗಿರಾಕಿಯೊಬ್ಬ ಒಮ್ಮೆ ಚೇಷ್ಟೆ ಮಾಡಿದ. "ಖಾಲಾ, ಈ ಪಲ್ಯಾಕ್ಕ ಪಾಸ್‌ಪೋರ್ಟ್ ಐತೇನ್ರಿ?"

"ಇಲ್ಲಪಾ, ಕದ್ದು ಬಂದೈತಿ. ಲಗೂನ ತಿಂದು ಸಾಕ್ಷಿ ಇಲ್ಲದಂಗ ಮಾಡು."

ಆ ಅಡುಗೆಯ ಜೀವವೆಲ್ಲ ಮೆಂತ್ಯದಲ್ಲಿ. ಒಂದು ಉಸಿರು ತಡವಾದರೆ ಕಹಿ. ಕಪ್ಪು ಬಾಂಡ್ಲೆಯಲ್ಲಿ, ಕಪ್ಪು ಸಾಸಿವೆ, ಕಪ್ಪು ಕಲೋಂಜಿಯ ನಡುವೆ ಅದರ ಬಣ್ಣ ಕಾಣುವುದಿಲ್ಲ. "ಮೂಗನ್ನ ಕೇಳಬೇಕು," ಎನ್ನುತ್ತಿದ್ದಳು. ಮೊದಮೊದಲು ನಾನು ತಗಡಿನ ಈಚೆ ಗೇಟು ಬೆಸೆಯುತ್ತಲೇ ಆ ವಾಸನೆ ಹಿಡಿಯುತ್ತಿದ್ದೆ. "ಖಾಲಾ, ಇಳಸ್ರಿ!" ಎಂದು ಕೂಗುತ್ತಿದ್ದೆ. ಆಚೆಯಿಂದ ನಗು. "ಇವಂದು ನಾಯಿ ಮೂಗು ನೋಡ್ರಿ," ಎಂದು ಉಣ್ಣಲು ಕೂತವರಿಗೆಲ್ಲ ಹೇಳುತ್ತಿದ್ದಳು. ಶಾಲೆಯಲ್ಲಿ ಯಾರೂ ನನ್ನ ಬಗ್ಗೆ ಅಷ್ಟು ಹೆಮ್ಮೆಯಿಂದ ಮಾತಾಡಿರಲಿಲ್ಲ.

ಕೊರೋನಾ ಬಂದ ವರ್ಷ ಖಾಲಾ ಹದಿನೈದು ದಿನ ಮಲಗಿದಳು. ಎದ್ದಳು, ಒಲೆ ಹಚ್ಚಿದಳು, ಆದರೆ ವಾಸನೆ ತಿರುಗಿ ಬರಲಿಲ್ಲ. ಎರಡು ವರ್ಷವಾದರೂ ಬರಲಿಲ್ಲ. ನಾಲಗೆ ಸರಿಯಿತ್ತು. ಹುರಿದ ಕಾಳೊಂದನ್ನು ಕಚ್ಚಿ ನೋಡಿ, ಕಹಿಯಾಗಿದ್ದರೆ ಎಣ್ಣೆ ಚೆಲ್ಲಿ ಮತ್ತೆ ಮೊದಲಿನಿಂದ ಮಾಡುತ್ತಿದ್ದಳು. ಈ ಗುಟ್ಟು ನನಗೊಬ್ಬನಿಗೇ ಗೊತ್ತು.

"ಮಗಳಿಗೆ ಹೇಳಬ್ಯಾಡಪಾ. ಗೊತ್ತಾದ್ರ ಖಾನಾವಳಿಗೆ ಕೀಲಿ ಜಡದು ಬ್ಯಾಡಗಿಗೆ ಕರಕೊಂಡು ಹೋಗ್ತಾಳ. ಅಲ್ಲಿ ಅಳಿಯನ ಮನ್ಯಾಗ ನಾ ಏನು ಮಾಡ್ಲಿ?"

ಆಕೆಗೆ ಗೊತ್ತಿಲ್ಲದ ಇನ್ನೊಂದು ಗುಟ್ಟಿತ್ತು. ವರ್ಷಗಟ್ಟಲೆ ಸತುವು ಬಳಿದ ತಗಡು ಬೆಸೆಯುವ ಹೊಗೆ ಕುಡಿದು ಅಷ್ಟರಲ್ಲಿ ನನ್ನ ಮೂಗೂ ಸತ್ತಿತ್ತು. ಮನೆಯಲ್ಲಿ ಹಾಲು ಸೀದರೂ ಗೊತ್ತಾಗುತ್ತಿರಲಿಲ್ಲ. ಹೆಂಡತಿಗೂ ಹೇಳಿರಲಿಲ್ಲ. ನಾಯಿ ಮೂಗಿನವನೆಂದು ಹೆಸರಾದವನು ಹೇಗೆ ಹೇಳುವುದು?

ಮುಂದೆ ಕರಾಚಿಯ ಅಕ್ಕ ತೀರಿಕೊಂಡಳು. ಹೋಗಿ ಮಣ್ಣು ಕೊಡುವುದೆಲ್ಲಿಯ ಮಾತು? ಯಾರೋ ಹಿಡಿದ ಮೊಬೈಲಿನಲ್ಲಿ ಖಾಲಾ ಅಕ್ಕನ ಮುಖ ನೋಡಿದಳು. ನಲವತ್ತನೆಯ ದಿನಕ್ಕೆ ಅಕ್ಕನ ಆತ್ಮಕ್ಕೆಂದು ಫಾತಿಹಾ ಪ್ರಾರ್ಥನೆ ಓದಿಸಿ, ಅಕ್ಕ ಕಲಿಸಿದ ಅಚಾರಿ ಆಲೂವನ್ನೇ ಬಳಗಕ್ಕೆ ಬಡಿಸುವುದೆಂದು ಗಟ್ಟಿ ಮಾಡಿದಳು. ಫಾತಿಹಾ ಓದುವುದು ಮುಗಿಯುವ ತನಕ ಆ ಅಡುಗೆಯನ್ನು ನಾಲಗೆಗೆ ಹಚ್ಚುವಂತಿಲ್ಲ. ಕಾಳು ಕಚ್ಚಿ ನೋಡುವ ಹಾಗಿಲ್ಲ.

ಹಿಂದಿನ ದಿನ ಶೆಡ್ಡಿಗೆ ಬಂದಳು. "ತಮ್ಮಾ, ನಾಳೆ ಹತ್ತಕ್ಕ ಒಲಿ ಮುಂದ ಬಂದು ನಿಂದ್ರು. ನೀ ಇಳಸು ಅಂದ್ರ ಇಳಸ್ತೇನಿ. ಆಪಾನ ಮುಖಾ ಎದುರಿಗೆ ನಿಂತು ನೋಡಾಕ ಆಗಲಿಲ್ಲ. ಇದೊಂದರ ಸರಿ ಆಗಲಿ."

ಆಗ ಹೇಳಬಹುದಿತ್ತು. ನನ್ನ ಬಾಯಿಂದ ಬಂದದ್ದು: "ಅದೇನು ದೊಡ್ಡ ಕೆಲಸ ಬಿಡ್ರಿ ಖಾಲಾ."

ಮರುದಿನ ಒಳಗೆ ನಾವಿಬ್ಬರೇ. ಕಾಳು ಎಣ್ಣೆಗೆ ಬಿದ್ದವು. ಆಕೆ ಬಾಂಡ್ಲೆ ನೋಡಲಿಲ್ಲ, ನನ್ನ ಮುಖ ನೋಡುತ್ತ ನಿಂತಳು. ನಾನು ಮೂಗರಳಿಸಿ ಉಸಿರೆಳೆದೆ. ಏನೂ ಇಲ್ಲ. ಚಟಪಟ ಸದ್ದಿಗೆ ಕಿವಿಗೊಟ್ಟೆ.

"ತಮ್ಮಾ?"

"ಇನ್ನೊಂದೀಟು ತಡೀರಿ."

ಸದ್ದು ಇಳಿಯಿತು. ಅಂದಾಜಿನ ಮೇಲೆ "ಇಳಸ್ರಿ" ಎಂದೆ. ಆಕೆ ಬಾಂಡ್ಲೆ ಇಳಿಸಿ ಆಲೂಗಡ್ಡೆ ಸುರಿದಳು. "ಬದುಕಿದೆ ನೋಡಪಾ," ಎಂದು ಸೆರಗಿನಿಂದ ಕಣ್ಣೊರೆಸಿಕೊಂಡಳು.

ಹನ್ನೆರಡರ ಬಸ್ಸಿಗೆ ಬ್ಯಾಡಗಿಯಿಂದ ಮಗಳು, ಅಳಿಯ, ಖಾಲಾನ ಸೋದರಮಾವ ಬಂದರು. ಫಾತಿಹಾ ಓದಿದರು. ಊಟಕ್ಕೆ ಕೂತರು. ಮೊದಲ ತುತ್ತಿಗೇ ಎಲ್ಲರ ಕೈ ನಿಧಾನವಾಯಿತು.  ಕೊನೆಗೆ ಮುದುಕ ಮಾವನೇ ಅಂದ: "ಏನವಾ, ಇಷ್ಟು ಕಹಿ? ನಿನ್ನ ಕೈ ಹೋತೇನು?"

ನಾನು ಅಲ್ಲೇ ನೀರಿನ ಜಗ್ಗು ಹಿಡಿದು ನಿಂತಿದ್ದೆ. ಖಾಲಾ ನನ್ನ ಕಡೆ ತಿರುಗಲಿಲ್ಲ. "ಹೌದ್ರಿ ಮಾಮೂ, ನಂದ ತಪ್ಪು. ವಯಸ್ಸಾತು, ಇಳಸೂದು ತಡಾ ಮಾಡಿದೆ," ಎಂದಳು. ನಾನು ಲೋಟಗಳಿಗೆ ನೀರು ಹಾಕುತ್ತ ಹೋದೆ.

ಆ ಮಾತನ್ನು ಮಗಳು ಹಿಡಿದುಕೊಂಡಳು. ಕೈ ಹೋದವರು ಒಲೆಯ ಮುಂದೆ ಯಾಕೆ ಸಾಯಬೇಕೆಂದು ಹಟ ಹಿಡಿದು, ತಿಂಗಳೊಳಗೆ ತಾಯಿಯನ್ನು ಬ್ಯಾಡಗಿಗೆ ಕರೆದುಕೊಂಡು ಹೋದಳು. ಖಾಲಾ ಎದುರಾಡಲಿಲ್ಲವಂತೆ.

ಖಾನಾವಳಿ ಮುಚ್ಚಿದ ಎರಡನೆಯ ವಾರ ನಾನು ಗ್ರಿಲ್ ಉಜ್ಜುತ್ತಿದ್ದೆ. ತಗಡಿನಾಚೆಯಿಂದ ಸೀದ ಮೆಂತ್ಯದ ವಾಸನೆ ಬಂತು. ಎಷ್ಟೋ ವರ್ಷಗಳ ಮೇಲೆ ನನ್ನ ಮೂಗಿಗೆ ಬಂದ ಮೊದಲ ವಾಸನೆ. ಓಡಿ ಹೋಗಿ ಕಿಟಕಿಯಿಂದ ಇಣುಕಿದೆ. ಒಲೆಯ ಮೇಲೆ ಧೂಳು. ತಿರುಗಿ ಬಂದು ಕೂತೆ, ವಾಸನೆ ಹೋಗಲಿಲ್ಲ. ಆಮೇಲೆ ದಿನ ಬಿಟ್ಟು ದಿನ ಬರತೊಡಗಿತು, ಹತ್ತು ಗಂಟೆಯ ಸುಮಾರಿಗೆ. ಬೇರೆ ಯಾವ ವಾಸನೆಯೂ ಇಲ್ಲ, ಅದೊಂದೇ.

ಹೇಳಿಯೇ ಬಿಡಬೇಕೆಂದು ಒಮ್ಮೆ ಬ್ಯಾಡಗಿಗೆ ಹೋದೆ. ಖಾಲಾ ಜಗಲಿಯ ಮೇಲೆ ಸುಮ್ಮನೆ ಕೂತಿದ್ದಳು. ಮೆಣಸಿನಕಾಯಿ ಹಂಗಾಮು, ಓಣಿಯವರೆಲ್ಲ ವಾಸನೆಗೆ ಮೂಗಿಗೆ ಬಟ್ಟೆ ಹಿಡಿದಿದ್ದರು, ನಾವಿಬ್ಬರು ಮಾತ್ರ ಏನೂ ಇಲ್ಲದವರಂತೆ ಇದ್ದೆವು.

"ಶೆಡ್ಡು ಹೆಂಗ ನಡದೈತೋ?"

"ನಡದೈತ್ರಿ. ಕಬ್ಬಿಣದ ರೇಟು ಏರೇತಿ."

"ಮಧ್ಯಾಹ್ನ ಎಲ್ಲಿ ಉಣ್ತಿ?"

 ಬಸ್ಸಿನ ಹೊತ್ತಾಯಿತೆಂದು ಎದ್ದೆ. ಆ ಬೇಸಿಗೆ ದಾಟುವಷ್ಟರಲ್ಲಿ ಆಕೆ ತೀರಿಕೊಂಡಳು. ಜನಾಜಾಕ್ಕೆ ನಾಲ್ಕು ಹೆಜ್ಜೆ ಹೆಗಲು ಕೊಟ್ಟೆ. ಏನೂ ಭಾರವಿರಲಿಲ್ಲ.

ನಲವತ್ತನೆಯ ದಿನ ಹತ್ತಿರ ಬಂದಾಗ ಮಗಳ ಫೋನು. "ಕಾಕಾ, ಅಮ್ಮಿ ಫಾತಿಹಾಕ್ಕ ಅಚಾರಿ ಆಲೂನ ಮಾಡ್ತೇನಿ. ನೀವು ಮುಂಜಾನೆನ ಬರ್ರಿ. ಯಾವಾಗ ಇಳಸೂದು ಅಂತ ನಿಮಗ ಗೊತ್ತಾದಷ್ಟು ಇನ್ಯಾರಿಗೂ ಗೊತ್ತಾಗೂದಿಲ್ಲ ಅಂತ ಅಮ್ಮಿ ಹೇಳ್ತಿದ್ಲು."

ಶೆಡ್ಡಿನ ಮುಂದೆ ನಿಂತು ಎಲ್ಲವನ್ನೂ ಹೇಳಿದೆ. ಆಕೆಯ ಮೂಗು, ನನ್ನ ಮೂಗು, ಅಂದಾಜಿನ ಮೇಲೆ ಅಂದ ಆ ಮಾತು, ಎಲ್ಲ. 

"ಆವತ್ತ ಹೇಳಿದ್ರ ನಾ ಮುಂಜಾನಿ ಬಸ್ಸಿಗೆ ಬರತಿದ್ನಲ್ರಿ ಕಾಕಾ. ಬ್ಯಾಡಗಿ ಎಷ್ಟು ದೂರ? ಆಕಿನೂ ಬಾಯಿ ಬಿಡಲಿಲ್ಲ, ನೀವೂ ಬಿಡಲಿಲ್ಲ." ಅಳುತ್ತಿದ್ದಳೋ ಬೈಯುತ್ತಿದ್ದಳೋ ತಿಳಿಯಲಿಲ್ಲ. ಆಮೇಲೆ, "ಊಟಕ್ಕ ಬರ್ರಿ," ಎಂದು ಇಟ್ಟಳು.

ಹೋದೆ. ಫಾತಿಹಾ ಆಯಿತು, ಬಡಿಸಿದರು. ಅದೇ ಮುದುಕ ಮಾವ ಎರಡನೆಯ ಸಲ ಹಾಕಿಸಿಕೊಂಡು, "ತಾಯಿ ಕೈ ಮಗಳಿಗೆ ಬಂದೈತಿ," ಎಂದ. ಎಲ್ಲರೂ ಹೌದೆಂದರು. ನನ್ನ ತಟ್ಟೆಯಿಂದ ಮಾತ್ರ ಸೀದ ಮೆಂತ್ಯದ ವಾಸನೆ ಏಳುತ್ತಿತ್ತು. ಮಗಳು ಒಳಬಾಗಿಲಲ್ಲಿ ನಿಂತು ನನ್ನ ಮುಖವನ್ನೇ ನೋಡುತ್ತಿದ್ದಳು.

"ಹೆಂಗಾಗೇತ್ರಿ ಕಾಕಾ?"

"ನನಗ ತಿಳಿಯೂದಿಲ್ಲವಾ," ಎಂದೆ.

ತಟ್ಟೆಯಲ್ಲಿ ಒಂದು ಕಾಳೂ ಬಿಡದೆ ಉಂಡೆ.