ಹದಿಮೂರು ಜನರಲ್ಲಿ ಅಕ್ಕ ಇರಲಿಲ್ಲ

ಎರಡು ವರ್ಷದ ಹಿಂದೆ, ಮಕ್ಕಳ ಬೇಸಿಗೆ ರಜೆಯಲ್ಲಿ, ನಾವು ಪುಣೆಯಿಂದ ಮಂಗಳೂರಿಗೆ ಹೋಗಿದ್ದೆವು. ಮನೆಯವರೆಲ್ಲ ಒಟ್ಟಿಗೆ ಊರಿಗೆ ಹೋಗದೆ ಆರು ವರ್ಷವಾಗಿತ್ತು. ಆ ಸಲ ಬಸ್ಸಿನಲ್ಲಿ ಅಲ್ಲ, ನನ್ನದೇ ಏಳು ಸೀಟಿನ ಕಾರಿನಲ್ಲಿ, ನಾನೇ ಓಡಿಸಿಕೊಂಡು ಹೋದೆ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟು, ಟೈಲ್ಸ್ ಹಾಕುವ ಮೇಸ್ತ್ರಿಯೊಬ್ಬರ ಹಿಂದೆ ಪುಣೆಗೆ ಹೋದವನು ನಾನು. ಇವತ್ತು ನಾನೇ ಕಾಂಟ್ರಾಕ್ಟು ಹಿಡಿಯುತ್ತೇನೆ, ಇಪ್ಪತ್ತೆರಡು ಜನ ನನ್ನ ಜೊತೆ ಕೆಲಸ ಮಾಡುತ್ತಾರೆ. "ಯಾರ ಹಂಗಿನಲ್ಲೂ ಬೆಳೆದವನಲ್ಲ ನಾನು" ಎನ್ನುವುದು ನನ್ನ ಬಾಯಲ್ಲಿ ಯಾವಾಗಲೂ ಇದ್ದ ಮಾತು.

ದೇರೆಬೈಲಿನಲ್ಲಿ ತಮ್ಮ ಜಗದೀಶನ ಮನೆಯಲ್ಲಿ ಇಳಿದೆವು. ನಮ್ಮಿಬ್ಬರ ಅಕ್ಕ ಗಿರಿಜಕ್ಕ ಇರುವುದೂ ಅಲ್ಲಿಯೇ. ಅಮ್ಮ ತೀರಿಕೊಂಡಾಗ ನನಗೆ ಒಂಬತ್ತು ವರ್ಷ, ಜಗದೀಶನಿಗೆ ಆರು, ಅಕ್ಕನಿಗೆ ಹದಿನೇಳು. ಬೀಡಿ ಕಟ್ಟಿ ನಮ್ಮಿಬ್ಬರನ್ನು ಸಾಕಿದವಳು ಅವಳು. ಮದುವೆಯ ಮಾತು ಒಂದೆರಡು ಸಲ ಬಂತು, ಹೋಯಿತು. ಅಕ್ಕನಿಗೆ ಈಗಲೂ ಕಣ್ಣು ಚುರುಕು, ಕೈ ಚುರುಕು. ಓದು ಮಾತ್ರ ಬರುವುದಿಲ್ಲ.

ಮೊದಲ ನಾಲ್ಕು ದಿನ ನೆಂಟರ ಮನೆಗಳಿಗೇ ಹೋಯಿತು. ನಮ್ಮಲ್ಲಿ ಒಂದು ಮನೆಗೆ ಹೋಗಿ ಪಕ್ಕದ ಮನೆಗೆ ಹೋಗದಿದ್ದರೆ ಅದು ಹತ್ತು ವರ್ಷ ನೆನಪಿನಲ್ಲಿ ಉಳಿಯುತ್ತದೆ. ಪ್ರತಿ ಮನೆಯಲ್ಲೂ ಶರಬತ್ತು, ಚಕ್ಕುಲಿ. "ಕುಡಿಯದೆ ಹೋದ್ರೆ ಹೇಗೆ ಸದಾಶಿವ, ನಾವೆಂತ ಹೊರಗಿನವರಾ?" ವಾಮಂಜೂರಿನಲ್ಲಿ ಹೆಂಡತಿಯ ಅಣ್ಣ ಉಮೇಶನ ಮನೆ ತಲುಪುವ ಹೊತ್ತಿಗೆ ಮಗ ಶ್ರೇಯಸ್ ಕೇಳಿಯೇಬಿಟ್ಟ. "ಪಪ್ಪಾ, ನಮ್ಮ ನೆಂಟರು ಎಷ್ಟೊತ್ತಿಗೆ ಮುಗಿಯುತ್ತಾರೆ?" ಎಲ್ಲರೂ ನಕ್ಕರು. ಮರುದಿನ ಎಲ್ಲರನ್ನೂ ವಾಟರ್ ಪಾರ್ಕಿಗೆ ಕರೆದುಕೊಂಡು ಹೋಗುತ್ತೇನೆ ಎಂದು ನಾನು ಅಲ್ಲಿಯೇ ಹೇಳಿದೆ.

ನಾವು ನಾಲ್ವರು, ಜಗದೀಶನ ಮನೆಯಿಂದ ಅಕ್ಕನೂ ಸೇರಿ ನಾಲ್ವರು, ಉಮೇಶನ ಮನೆಯ ಐವರು. ಒಟ್ಟು ಹದಿಮೂರು ಜನ, ಎರಡು ಕಾರು. ನಗರದಿಂದ ಒಂದು ಗಂಟೆಯ ದಾರಿ. ಟಿಕೆಟಿನ ಕಿಟಕಿಯಲ್ಲಿ "ಹದಿಮೂರು" ಎಂದೆ.

ಜಗದೀಶ ಮೆಲ್ಲಗೆ, "ಅಕ್ಕನಿಗೆ ಯಾಕೆ ಮಾರಾಯ? ಅವಳೆಂತ ನೀರಿಗೆ ಇಳಿಯುತ್ತಾಳಾ? ಒಳಗೆ ಕೂರುವವರಿಗೆ ಬೇರೆ ಟಿಕೆಟ್ ಉಂಟು" ಎಂದ.

"ನನ್ನ ಅಕ್ಕನಿಗೆ ಅರ್ಧ ಟಿಕೆಟಾ?" ಎಂದೆ. ಹಿಂದೆ ಸಾಲಿನಲ್ಲಿ ನಿಂತವರಿಗೂ ಕೇಳಿಸುವ ಹಾಗೆ ಹೇಳಿದೆ.

ಒಳಗೆ ಹೋದ ಮೇಲೆ ಒಂದು ಮರದ ನೆರಳಿನಲ್ಲಿ ಅಕ್ಕ ಕೂತಳು. ನನ್ನ ಹೆಂಡತಿ ವನಿತಾ ತನ್ನ ಚೀಲ ಅವಳ ಪಕ್ಕದಲ್ಲಿ ಇಟ್ಟಳು. ಆಮೇಲೆ ಎಲ್ಲರ ಚೀಲ, ಚಪ್ಪಲಿ, ವಾಚು, ಫೋನು ಒಂದೊಂದಾಗಿ ಅಲ್ಲಿಗೇ ಬಂದವು. "ಅಕ್ಕಾ, ಒಮ್ಮೆ ನೋಡ್ಕೊ." ಎಲ್ಲರದ್ದೂ ಅದೇ ಮಾತು. ನಾನೂ ಹೇಳಿದೆ. ಅವಳು ತಲೆಯಾಡಿಸಿದಳು. ಇಡೀ ದಿನ ನಾವು ಜಾರುವುದು, ಹತ್ತುವುದು, ಮತ್ತೆ ಜಾರುವುದು. ಮಧ್ಯಾಹ್ನ ಜಗದೀಶನ ಮಗ ನಿತಿನ್ ಕೆಲಸ ಮುಗಿಸಿ ಬಸ್ಸಿನಲ್ಲಿ ಬಂದು ಸೇರಿಕೊಂಡ. ಅವನ ಟಿಕೆಟ್ ಅವನೇ ತೆಗೆದಿದ್ದ.

ಸಂಜೆ ಹೊರಡುವಾಗ ನಾನು ಎರಡೂ ಕಾರಿನ ಹತ್ತಿರ ಹೋಗಿ ತಲೆ ಎಣಿಸಿದೆ. ಪುಣೆಯಲ್ಲಿ ದಿನವೂ ಕೆಲಸ ಬಿಟ್ಟ ಮೇಲೆ ಟೆಂಪೋ ಹತ್ತುವ ಮೊದಲು ನಾನು ಹೀಗೆಯೇ ಎಣಿಸುವುದು. ಎಂಟು ವರ್ಷದಲ್ಲಿ ಒಬ್ಬನನ್ನೂ ಸೈಟಿನಲ್ಲಿ ಬಿಟ್ಟು ಬಂದದ್ದಿಲ್ಲ. ಉದ್ದಕ್ಕೆ ಮಲಗಿದವರು, ಟವೆಲ್ ಹೊದ್ದವರು, ಮಡಿಲಲ್ಲಿ ಕೂತವರು, ಎಲ್ಲ ಸೇರಿ ಹದಿಮೂರು. "ಸರಿ ಉಂಟು, ಹೋಗುವಾ" ಎಂದೆ.

ನಗರದೊಳಗೆ ಕೊಡಿಯಾಲ್‌ಬೈಲಿಗೆ ಬರುವಾಗ ವಾಹನಗಳ ಸಾಲು ಅಲ್ಲಾಡುತ್ತಿರಲಿಲ್ಲ. ಮಕ್ಕಳಿಗೆ ಹಸಿವು. ಹೇಗೋ ಕಾರು ನಿಲ್ಲಿಸಿ ಐಸ್‌ಕ್ರೀಮ್ ಅಂಗಡಿಗೆ ನುಗ್ಗಿದೆವು. ಯಾರಿಗೆ ಯಾವುದು ಎಂದು ಹುಡುಗ ಬರೆದುಕೊಳ್ಳುತ್ತಿದ್ದ. ಅಕ್ಕನನ್ನು ಮಾಮಿ ಎಂದು ಕರೆಯುವ ಮಗಳು ತನ್ವಿ ಹೇಳಿದಳು, "ಮಾಮಿಗೆ ತಣ್ಣಗಿನದ್ದು ಆಗುವುದಿಲ್ಲ, ಅವರಿಗೆ ಚಹಾ." ಆಮೇಲೆ ಸುತ್ತ ನೋಡಿ, "ಮಾಮಿ ಎಲ್ಲಿ?" ಎಂದಳು.

"ನಿಮ್ಮ ಕಾರಿನಲ್ಲಿ ಇದ್ದಳಲ್ಲ" ಎಂದೆ ಜಗದೀಶನಿಗೆ.

"ನಿನ್ನದರಲ್ಲಿ ಅಲ್ವಾ?"

ನಾನು ಅಕ್ಕನ ನಂಬರಿಗೆ ಫೋನ್ ಮಾಡಿದೆ. ಮೇಜಿನ ಕೆಳಗೆ, ವನಿತಾಳ ಚೀಲದೊಳಗೆ ಅದು ಬಡಿದುಕೊಂಡಿತು.

"ನೀವೇ ಎಣಿಸಿದ್ದಲ್ವಾ?" ಎಂದಳು ವನಿತಾ.

"ಹದಿಮೂರು ಇತ್ತು. ನನ್ನ ಲೆಕ್ಕ ತಪ್ಪಲಿಲ್ಲ."

ಉಮೇಶ ನಿತಿನ್ ಕಡೆ ಕೈ ತೋರಿಸಿದ. "ಇವನು ಬೆಳಿಗ್ಗೆ ಇದ್ದನಾ ಭಾವ?"

ನಾನು ಮತ್ತು ಜಗದೀಶ ಕಾರು ತಿರುಗಿಸಿ ಹೊರಟೆವು. ಆ ಒಂದು ಗಂಟೆಯನ್ನು ನಾನು ಮರೆಯಲಾರೆ. ಪಾರ್ಕಿನ ಎದುರು ಹೆದ್ದಾರಿ. ಅಕ್ಕ ನಮ್ಮನ್ನು ಹುಡುಕಿಕೊಂಡು ಹೊರಗೆ ಬಂದು ದಾರಿ ದಾಟಲು ಹೋಗಿದ್ದರೆ? ಬಸ್ಸಿನ ಬೋರ್ಡು ಓದಲು ಬರುವುದಿಲ್ಲ. ಕೈಯಲ್ಲಿ ಫೋನಿಲ್ಲ. ಜಗದೀಶ ಒಮ್ಮೆ ಮಾತ್ರ ಬಾಯಿ ಬಿಟ್ಟ. "ಮಕ್ಕಳಲ್ಲಿ ಒಬ್ಬರು ಇಲ್ಲದಿದ್ದರೆ ಗೇಟು ದಾಟುವ ಮೊದಲೇ ಗೊತ್ತಾಗುತ್ತಿತ್ತು."

ಗೇಟಿನಲ್ಲಿ ಕಾವಲುಗಾರ ನಮ್ಮನ್ನು ನೋಡಿದ ಕೂಡಲೇ ಎದ್ದ. "ನೀವಾ ಟೈಲ್ಸಿನವರು?"

"ಹೌದು. ಅಕ್ಕ..."

"ಒಳಗೆ ಇದ್ದಾರೆ, ಹೆದರಬೇಡಿ. ತಮ್ಮನ ನಂಬರ್ ಹೇಳಿ ಅಂದ್ರೆ, ಪೂನಾದಲ್ಲಿ ಟೈಲ್ಸ್ ಹಾಕುವ ಸದಾಶಿವ, ದೊಡ್ಡ ಜನ, ಕೇಳಿದ್ರೆ ಯಾರು ಬೇಕಾದ್ರೂ ಹೇಳ್ತಾರೆ ಅಂದ್ರು. ನಾನು ಪೂನಾದಲ್ಲಿ ಯಾರ ಹತ್ತಿರ ಕೇಳುವುದು ಮಾರಾಯ್ರೆ?"

ನಾವು ಒಳಗೆ ಓಡಿದೆವು. ಪಾರ್ಕು ಮುಚ್ಚಿತ್ತು. ಪಂಪುಗಳು ನಿಂತು ಜಾರುಬಂಡಿಗಳೆಲ್ಲ ಒಣಗಿದ್ದವು. ಚಿಕ್ಕ ಮಕ್ಕಳ ಕೊಳದ ಹತ್ತಿರ ಮಾತ್ರ ಒಂದು ದೀಪ ಉರಿಯುತ್ತಿತ್ತು. ಅಲ್ಲಿ, ಮೊಣಕಾಲು ಮುಳುಗುವ ನೀರಿನಲ್ಲಿ, ಸೀರೆಯನ್ನು ಮೇಲೆ ಸಿಕ್ಕಿಸಿಕೊಂಡು ಅಕ್ಕ ನಿಂತಿದ್ದಳು. ಕಸ ಗುಡಿಸುವ ಹೆಂಗಸೊಬ್ಬರು ಅವಳ ಕೈ ಹಿಡಿದುಕೊಂಡಿದ್ದರು. ಇಬ್ಬರೂ ಯಾವುದಕ್ಕೋ ಜೋರಾಗಿ ನಗುತ್ತಿದ್ದರು.

ನನ್ನ ಕಾಲು ಅಲ್ಲಿಯೇ ನಿಂತಿತು. ದಾರಿಯುದ್ದಕ್ಕೂ ಕ್ಷಮೆ ಕೇಳುವ ಮಾತುಗಳನ್ನು ಜೋಡಿಸಿಕೊಂಡು ಬಂದಿದ್ದೆ. ಅಳುತ್ತಿರುವ ಅಕ್ಕನಿಗೆ ಹೇಳುವ ಮಾತುಗಳು ಅವು. ಇವಳಿಗೆ ಅವು ಹೊಂದುತ್ತಿರಲಿಲ್ಲ.

"ಬಂದ್ಯಾ?" ಎಂದಳು. "ಮಕ್ಕಳು ಎಂತಾದ್ರೂ ತಿಂದ್ವಾ?"

"ಅಕ್ಕ, ನೀನು ಎಲ್ಲಿಗೆ ಹೋಗಿದ್ದೆ?"

"ಬಟ್ಟೆ ಬದಲಿಸುವ ಕೋಣೆಗೆ. ಯಾರದ್ದಾದರೂ ಉಳಿದಿದೆಯಾ ನೋಡ್ಲಿಕ್ಕೆ. ಶ್ರೇಯಸನ ಚಡ್ಡಿ ಅಲ್ಲೇ ನೇತಾಡ್ತಾ ಇತ್ತು." ನಮ್ಮ ತಪ್ಪಿನ ಬಗ್ಗೆ ಅವಳ ಬಾಯಿಂದ ಬಂದದ್ದು ಅಷ್ಟೇ.

ಜಗದೀಶನಿಗೆ ತಡೆಯಲಾಗಲಿಲ್ಲ. "ಆ ಸೀರೆಯಲ್ಲಿ ನೀರಿಗೆ ಇಳಿಯಲಿಕ್ಕೆ ಬಿಡುವುದಿಲ್ಲ ಇಲ್ಲಿ."

"ಅದು ಆರು ಗಂಟೆಯವರೆಗೆ" ಎಂದರು ಆ ಹೆಂಗಸು. "ಪಂಪು ನಿಂತ ಮೇಲೆ ನಮ್ಮದೇ ಕಾನೂನು. ಬೆಳಿಗ್ಗೆಯಿಂದ ಗುಡಿಸುವಾಗೆಲ್ಲ ನೋಡ್ತಾ ಇದ್ದೆ, ಇವರು ಚೀಲ ಬಿಟ್ಟು ಅಲ್ಲಾಡಲಿಲ್ಲ. ಈಗ ಚೀಲ ಇಲ್ಲ ಅಲ್ವಾ, ಬನ್ನಿ ಅಂದೆ. ನಾನೂ ಬೀಡಿ ಕಟ್ಟಿದವಳೇ. ಕೂತು ಕೂತು ಸೊಂಟ ಏನಾಗ್ತದೆ ಅಂತ ನನಗೆ ಗೊತ್ತು."

ಅಕ್ಕ ನನ್ನ ಕಡೆ ತಿರುಗಿ ಬಲಗೈ ಎತ್ತಿ ತೋರಿಸಿದಳು. ಗೇಟಿನಲ್ಲಿ ಎಲ್ಲರ ಕೈಗೂ ಕಟ್ಟಿದ್ದ ನೀಲಿ ಕಾಗದದ ಪಟ್ಟಿ ಅವಳ ಕೈಯಲ್ಲೂ ಇತ್ತು.

"ಸದಾ, ಈ ಪಟ್ಟಿ ಇದ್ದವರು ಎಲ್ಲ ನೀರಿಗೂ ಇಳಿಯಬಹುದಂತೆ. ಬೇರೆ ಬಟ್ಟೆಯೂ ಇವರೇ ಕೊಡುತ್ತಾರಂತೆ. ನಾನು ಒಳಗೆ ಕೂರ್ಲಿಕ್ಕೆ ಕಟ್ಟಿದ್ದು ಅಂತ ಗ್ರಹಿಸಿದ್ದೆ. ನಿನಗೆ ಗೊತ್ತಿತ್ತಾ?"

ಅವಳು ದೂರಿದ್ದಲ್ಲ, ಚುಚ್ಚಿದ್ದೂ ಅಲ್ಲ. ಗೊತ್ತಿಲ್ಲದ್ದನ್ನು ಗೊತ್ತಿದ್ದವನ ಹತ್ತಿರ ಕೇಳುವ ಹಾಗೆ ಕೇಳಿದಳು.

"ಇಲ್ಲ ಅಕ್ಕ" ಎಂದೆ. "ನನಗೂ ಗೊತ್ತಿರಲಿಲ್ಲ."

"ನಿನಗೆ ಹೇಗೆ ಗೊತ್ತಿರ್ತದೆ, ನೀನೂ ಮೊದಲ ಸಲ ಬಂದದ್ದಲ್ವಾ" ಎಂದು ನನ್ನನ್ನೇ ಸಮಾಧಾನ ಮಾಡಿದಳು. "ಇನ್ನೊಂದು ಐದು ನಿಮಿಷ ಇರ್ತೇನೆ. ನೀರು ಬೆಚ್ಚಗೆ ಉಂಟು."

ನಾವಿಬ್ಬರೂ ಕೊಳದ ಅಂಚಿನಲ್ಲಿ ಕೂತೆವು. ಅವಳು ಆ ಹೆಂಗಸಿನ ಕೈ ಹಿಡಿದು ಆ ತುದಿಯವರೆಗೆ ನಡೆದಳು, ತಿರುಗಿದಳು, ಮತ್ತೆ ನಡೆದಳು. ಐದು ನಿಮಿಷ ಅರ್ಧ ಗಂಟೆಯಾಯಿತು.

ಈಗ ಪುಣೆಯಲ್ಲಿ ಟೆಂಪೋ ಹತ್ತುವಾಗ ತಲೆ ಎಣಿಸುವುದನ್ನು ಬಿಟ್ಟಿದ್ದೇನೆ, ಒಬ್ಬೊಬ್ಬರ ಮುಖ ನೋಡಿ ಹೆಸರು ಕರೆಯುತ್ತೇನೆ. ಆದರೆ ನನ್ನನ್ನು ಕಾಡುವುದು ಲೆಕ್ಕ ತಪ್ಪಿದ್ದಲ್ಲ. ಅಂದು ಅಕ್ಕನ ಟಿಕೆಟಿಗೆ ಏನೆಲ್ಲ ಸಿಗುತ್ತದೆ ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ಸಾಲಿನಲ್ಲಿ ನಿಂತವರಿಗೆ ಕೇಳಿಸುವ ಹಾಗೆ ಹೇಳಿದೆ, ಅವಳ ಹತ್ತಿರ ಹೇಳಲಿಲ್ಲ. ಆಮೇಲೆ ಸುಳ್ಳೂ ಹೇಳಿದೆ.

ಪ್ರತಿ ಆದಿತ್ಯವಾರ ಅವಳಿಗೆ ಫೋನ್ ಮಾಡುತ್ತೇನೆ. ಇವತ್ತು ಹೇಳಿಬಿಡಬೇಕು ಎಂದುಕೊಳ್ಳುತ್ತೇನೆ. ಅವಳು ಮಕ್ಕಳ ಊಟ ಕೇಳುತ್ತಾಳೆ, ನನ್ನ ಬಿ.ಪಿ. ಕೇಳುತ್ತಾಳೆ, ಮಾತು ಮುಗಿಯುತ್ತದೆ. ಅದಕ್ಕೇ ಇದನ್ನು ಬರೆದದ್ದು. ಅಚ್ಚಾದರೆ ನಿತಿನ್ ಅವಳ ಮುಂದೆ ಕೂತು ಓದಿ ಹೇಳುತ್ತಾನೆ. ಅಕ್ಕಾ, ನನಗೆ ಗೊತ್ತಿತ್ತು.