ಮುಳುಗಿದ ತೇಲುಗಲ್ಲು

ಬಾಳೆಹಣ್ಣಿನ ಸಿಪ್ಪೆ ನೀರಿನಲ್ಲಿ ತೇಲಿದರೆ ಯಾರೂ ತಿರುಗಿ ನೋಡುವುದಿಲ್ಲ. ಕಲ್ಲು ತೇಲಿದರೆ ಊರೇ ಚಪ್ಪಲಿ ಬಿಟ್ಟು ಒಳಗೆ ಬರುತ್ತದೆ. ಈ ಸತ್ಯ ನನಗೆ ಹೊಳೆದದ್ದು ಐವತ್ತರ ದಶಕದಲ್ಲಿ, ಅಮ್ಮ ರಾಮೇಶ್ವರದಿಂದ ತಂದ ಮುಷ್ಟಿ ಗಾತ್ರದ ಬಿಳಿಯ ಕಲ್ಲೊಂದನ್ನು ತಾಮ್ರದ ಪಾತ್ರೆಯ ನೀರಿಗೆ ಬಿಟ್ಟಾಗ. ಕಪಿಗಳು ಸೇತುವೆಗೆ ಹಾಕಿದ ಕಲ್ಲುಗಳ ವಂಶಸ್ಥನೆಂದು ಅದಕ್ಕೆ ದೇವರ ಮನೆಯಲ್ಲಿ ಜಾಗವಾಯಿತು. ಯಲಹಂಕದ ನಮ್ಮ ಮನೆಗೆ ಕೊಡಿಗೇಹಳ್ಳಿಯಿಂದಲೂ ಹೆಂಗಸರು ಬರತೊಡಗಿದರು. ಅಪ್ಪ ತೀರಿಕೊಂಡ ಮೇಲೆ ಶುಭಕಾರ್ಯಗಳಲ್ಲಿ ಮೂಲೆಗೆ ಸರಿದಿದ್ದ ಅಮ್ಮನನ್ನು ಜನ ಮತ್ತೆ ಹುಡುಕಿಕೊಂಡು ಬಂದರಲ್ಲ, ನನಗೆ ಅದೇ ದೊಡ್ಡ ಪವಾಡ.

ನಾನೋ ಹೈಸ್ಕೂಲಿನ ಜೀವಶಾಸ್ತ್ರದ ಮೇಷ್ಟ್ರು. ಸಮುದ್ರವನ್ನೇ ಕಾಣದೆ, ಯಲಹಂಕದ ಕೆರೆಯತ್ತ ಕೈಚಾಚಿ ಸಮುದ್ರವನ್ನು ಬೋಧಿಸುತ್ತಿದ್ದ ಧೀರ. ಕುತೂಹಲ ತಡೆಯದೆ ಶಾಲೆಯ ಭೂತಗನ್ನಡಿ ಹಿಡಿದು ನೋಡಿದರೆ, ಕಲ್ಲಿನ ಮೈತುಂಬ ನಕ್ಷತ್ರದಾಕಾರದ ಪುಟ್ಟ ಕೋಣೆಗಳು! ಹವಳದ ಜೀವಿಗಳು ತಮ್ಮ ಮೈಯಿಂದಲೇ ಸುಣ್ಣ ಒಸರಿ, ತಲೆಮಾರಿನ ಮೇಲೆ ತಲೆಮಾರು ಕಟ್ಟಿದ ವಠಾರವದು. ಮೀನು, ಏಡಿ, ಸೀಗಡಿಗಳಿಗೆಲ್ಲ ಅದೇ ಆಸರೆ. ಒಣಗಿದ ಕೋಣೆಗಳಲ್ಲಿ ಗಾಳಿ ಸಿಕ್ಕಿಕೊಂಡು ಕಲ್ಲು ತೇಲುತ್ತಿತ್ತು. ಅಮ್ಮನಿಗೆ ಹೇಳಿದೆ. “ಹುಳ ಕಟ್ಟಿದ್ರೇನೋ, ರಾಮನ ಕೆಲಸಕ್ಕೆ ಬಂತಲ್ಲ” ಎಂದು ನನ್ನ ವಿಜ್ಞಾನವನ್ನು ಒಂದೇ ಮಾತಿನಲ್ಲಿ ಮಡಚಿಟ್ಟಳು.

ಆದರೆ ನಿತ್ಯ ಪಂಚಾಮೃತದ ಅಭಿಷೇಕವಾದರೆ ಯಾವ ವಠಾರ ತಾನೇ ತಡೆದೀತು, ನೀವೇ ಹೇಳಿ. ಹಾಲು, ತುಪ್ಪ, ಜೇನುಗಳು ಕೋಣೆಗಳನ್ನೆಲ್ಲ ಆಕ್ರಮಿಸಿ, ಒಂದು ಬೆಳಿಗ್ಗೆ ಕಲ್ಲು ಮುಳುಗಿತು. ಅಮ್ಮನ ಮುಖ ಸಪ್ಪಗಾಯಿತು. ರಾಮೇಶ್ವರಕ್ಕೆ ಹೊರಟಿದ್ದ ಕೊಡಿಗೇಹಳ್ಳಿಯ ಪುಟ್ಟಮ್ಮ ತನ್ನ ತಂಡದೊಂದಿಗೆ ಕಲ್ಲಿನ ದರ್ಶನಕ್ಕೆ ಬರುವುದರಲ್ಲಿದ್ದಳು.

“ಬಿಸಿನೀರಲ್ಲಿ ತೊಳೆದು ಒಣಗಿಸಮ್ಮ, ಮತ್ತೆ ತೇಲುತ್ತೆ” ಎಂದೆ. ತೊಳೆದು ಬಿಸಿಲಿಗಿಟ್ಟಳು. ಕಾಯುತ್ತ ಕೂತವಳು ಭೂತಗನ್ನಡಿಯನ್ನು ಮೊದಲ ಸಲ ಕೈಗೆತ್ತಿಕೊಂಡು, ಬಹಳ ಹೊತ್ತು ನೋಡಿದಳು.

“ಇದ್ರೊಳಗಿದ್ದೋರು ಎಲ್ಲಿ ಹೋದ್ರೋ?”

“ಸತ್ತಿರ್ತಾವೆ. ಅಲೆ ದಡಕ್ಕೆ ತಂದು ಹಾಕಿತೋ, ಜನ ಕಿತ್ತು ತಂದರೋ ಗೊತ್ತಿಲ್ಲ.”

“ಕಿತ್ತದ್ದೇ ಕಣೋ. ನಾನು ಇದನ್ನ ಕೊಂಡ ಅಂಗಡಿ ಹಿಂದೆ ದೋಣಿಯಿಂದ ರಾಶಿ ರಾಶಿ ಇಳಿಸ್ತಿದ್ರು, ಇನ್ನೂ ಒದ್ದೆ ಇದ್ವು.”

ಕಲ್ಲು ಚೆನ್ನಾಗಿ ಒಣಗಿತು. ಪುಟ್ಟಮ್ಮ ತಂಡದೊಂದಿಗೆ ಬಂದು ಸಡಗರದಿಂದ, “ತೇಲ್ಸಿ ಅಮ್ಮಾವ್ರೇ, ನಾವೂ ಮನೆಗೊಂದು ತತ್ತೀವಿ” ಎಂದಳು. ನೀರಿಗೆ ಬಿಟ್ಟಿದ್ದರೆ ತೇಲುತ್ತಿತ್ತು, ಅಮ್ಮನ ಮಾನವೂ ಉಳಿಯುತ್ತಿತ್ತು. ಅವಳು ಬಿಡಲಿಲ್ಲ.

“ತರಬೇಡಿ. ಇದು ಯಾರದೋ ಮನೆ. ಗೊತ್ತಿಲ್ದೆ ತಂದ್ಬಿಟ್ಟೆ” ಎಂದಳು.

“ಅಂಗಾರೆ ಇದು ಸೇತುವೆ ಕಲ್ಲಲ್ವಾ?” ಎಂದು ಪುಟ್ಟಮ್ಮ ಕೇಳಿದಳು. ಅಮ್ಮ ಕಲ್ಲನ್ನು ಒಳಗೆ ತೆಗೆದಿಟ್ಟಳು. ಹೆಂಗಸರು ಮುಖ ಮುಖ ನೋಡಿಕೊಂಡು ಎದ್ದುಹೋದರು. ಆಮೇಲೆ ನಮ್ಮ ಬಾಗಿಲಿಗೆ ಯಾರೂ ಬರಲಿಲ್ಲ. ಅಮ್ಮ ಎಂದಿನಂತೆ ಮನೆಗೆಲಸದಲ್ಲಿ ತೊಡಗಿದಳು. ನನಗೆ ಮಾತ್ರ ಸಂಕಟವಾಯಿತು, ಹೆಮ್ಮೆಯೂ ಆಯಿತು.

ಯಾತ್ರೆ ಮುಗಿಸಿ ಬಂದ ಪುಟ್ಟಮ್ಮ ಒಂದು ಸಂಜೆ ಒಬ್ಬಳೇ ಬಂದು ಜಗಲಿಯಲ್ಲಿ ಕೂತಳು. ಕೈಯಲ್ಲಿ ಏನೂ ಇರಲಿಲ್ಲ.

“ಆ ಕಲ್ಲನ್ನ ನೀರೊಳಗೇ ನೋಡ್ಕೊಂಡು ಬಂದೆ ಅಮ್ಮಾವ್ರೇ. ದೋಣಿಯೋನು ತೋರಿಸ್ದ. ಬೆಳ್ಳಗಿಲ್ಲ ಅದು. ಬಣ್ಣ ಐತೆ.”

ಅಮ್ಮ ಒಲೆಯ ಮೇಲಿನ ಸಾರನ್ನು ಹಾಗೆಯೇ ಬಿಟ್ಟು ಬಂದು ಅವಳ ಪಕ್ಕದಲ್ಲಿ ಕೂತು, “ಯಾವ್ಯಾವ ಬಣ್ಣ? ನಿಧಾನವಾಗಿ ಹೇಳು” ಎಂದಳು.